ಹುಗ್ಗಿ ಬಂದ ಡಬ್ಬಿ

ಹೊಳೆಯ ದಂಡೆಯ ಮೇಲೆ ಒಂದು ಪುಟ್ಟ ಮಠ. ಅಲ್ಲೊಬ್ಬರು ವಯಸ್ಸಾದ ಗುರುಗಳು. ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಬೆಳಗಿನ ಕೆಲಸ ಮುಗಿಸಿ ಅಜ್ಜಾರ ಮಾತು ಕೇಳಲು ಬರುತ್ತಿದ್ದವರಲ್ಲಿ ತೋಟವ್ವನೂ ಒಬ್ಬಳು. ಗಂಡ, ಅತ್ತೆ, ಮಕ್ಕಳ ಸಂಸಾರ. ಇದ್ದುದರಲ್ಲೇ ಎಲ್ಲರ ಹೊಟ್ಟೆ ತುಂಬಿಸುವುದರಲ್ಲಿ ಜಾಣೆ. ಚಿಂತೆ ಮಾಡುವುದರಲ್ಲಿ ಇನ್ನೂ ಜಾಣೆ. ಬಿಸಿಲು ಬಿದ್ದರೆ ಹಾಲು ಒಡೆದೀತು, ಮೋಡ ಕವಿದರೆ ಸಂಡಿಗೆ ಒಣಗಲಿಕ್ಕಿಲ್ಲ, ಹೀಗೆ ಅವಳ ಜೀವ ಸದಾ ಹೊಯ್ದಾಡುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಾರು ಹೇಳಿದ್ದು ಒಂದೂ ಅವಳ ಕಿವಿಗೆ ಬೀಳಲಿಲ್ಲ. ಉಳಿದವರು ಎದ್ದು ಹೋದರೂ ಅವಳು ಕೂತೇ ಇದ್ದಳು.

“ಏನಾತವ್ವಾ?” ಎಂದರು ಅಜ್ಜಾರು.

“ಡಬ್ಬಿರಿ, ಅಜ್ಜಾರ.”

“ಯಾವ ಡಬ್ಬಿ?”

“ನಮ್ಮ ಓಣಿಗೆ ಹೊಸದಾಗಿ ಬಂದಾರಲ್ರಿ, ಬುಟ್ಟಿ ಹೆಣಿಯೋ ಹುಲಿಗೆವ್ವನ ಮನಿಯವ್ರು. ಆಕಿ ಮೊಮ್ಮಗಗ ಮೊದಲ ಕೂದಲ ತಗಿಸೋ ಜವಳ ಇತ್ತು. ಡಬ್ಬಿ ತುಂಬ ಗೋದಿ ಹುಗ್ಗಿ ಕಳಿಸಿದ್ಲು. ಎಲ್ಲಾರೂ ಉಂಡ್ವಿ. ಈಗ ಡಬ್ಬಿ ಹೊಳ್ಳಿ ಕೊಡಬೇಕು. ಖಾಲಿ ಕೊಡಾಕ ಬರತೈತೇನ್ರಿ?”

ಬರುವುದಿಲ್ಲ. ಆ ಸೀಮೆಯಲ್ಲಿ ತಿನಿಸು ತುಂಬಿ ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯೇ ಇಲ್ಲ. ಏನೂ ಇಲ್ಲದವರು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ.

“ಇವತ್ತು ಮನ್ಯಾಗ ಏನು ಅಡಿಗಿ ಮಾಡಿದ್ದಿ?”

“ಜ್ವಾಳದ ನುಚ್ಚು, ಮಜ್ಜಿಗಿ, ಹುಣಸಿಕಾಯಿ ಚಟ್ನಿ.”

“ಮಕ್ಕಳು ಉಂಡ್ರೇನು?”

“ಮತ್ತ ಮತ್ತ ಹಾಕಿಸ್ಕೊಂಡು ಉಂಡ್ರು.”

“ಹಂಗಾದ್ರ ಅದನ್ನ ಹಾಕಿ ಕೊಡು.”

ತೋಟವ್ವನಿಗೆ ಗಾಬರಿಯಾಯಿತು. “ಆಕಿ ತುಪ್ಪ ಸುರಿದು ಹುಗ್ಗಿ ಕಳಿಸ್ಯಾಳ. ನಾ ನುಚ್ಚು ಕೊಟ್ರ ಏನ್ ಅಂದಾಳು?”

“ಏನ್ ಅಂದಾಳು?”

“ಇವರ ಯೋಗ್ಯತಿ ಇಷ್ಟೇ ಅಂದಾಳ್ರಿ.”

ಅಜ್ಜಾರು ಎದ್ದು ತಮ್ಮ ತಂಬಿಗೆ ತೊಳೆಯಲು ಹೊಳೆಗೆ ಇಳಿದರು.

ಮನೆಗೆ ಬಂದು ತೋಟವ್ವ ಡಬ್ಬಿಗೆಂದು ಶೇಂಗಾ ಉಂಡೆ ಕಟ್ಟಿದಳು. ಬೆಲ್ಲದ ಪಾಕ ಏರಿ ಉಂಡೆಗಳು ಕಲ್ಲಾದವು. ಮಕ್ಕಳು ಅವನ್ನು ಒರಳಿನ ಅಂಚಿಗೆ ಕುಟ್ಟಿ ಕುಟ್ಟಿ ತಿಂದರು.

ಕಾರಹುಣ್ಣಿಮೆ ಬಂತು. ಈ ಸಲ ಹೋಳಿಗೆ ಮಾಡಿದಳು. ಡಬ್ಬಿಗೆ ಹಾಕುವ ಮೊದಲು ಒಂದೆರಡನ್ನು ಎಲೆಯಲ್ಲಿ ಕಟ್ಟಿಕೊಂಡು ಮಠಕ್ಕೆ ಓಡಿದಳು.

“ಅಜ್ಜಾರ, ತಿಂದು ನೋಡ್ರಿ. ಇವನ್ನ ಕೊಟ್ರ ನಡೀತೈತೇನು?”

ಅಜ್ಜಾರು ಒಂದು ಹೋಳಿಗೆ ತಿಂದರು. “ಚಲೋ ಅದಾವು.”

“ಹೂರಣ ಕಡಿಮಿ ಆಗೇತಲ್ರಿ?”

ಅಜ್ಜಾರು ಇನ್ನೊಂದನ್ನೂ ತಿಂದರು. “ಚಲೋ ಅದಾವು ಅಂದ್ನೆಲ್ಲ.”

“ನನ್ನ ಮನಸ್ಸು ನೋಯಬಾರದಂತ ಹಂಗ ಅಂತೀರಿ.”

ಅಜ್ಜಾರು ಕೈ ತೊಳೆದುಕೊಂಡರು. ಆ ಹೋಳಿಗೆಯೂ ಹುಲಿಗೆವ್ವನ ಮನೆ ಮುಟ್ಟಲಿಲ್ಲ.

ಚಿಂತೆಗೊಂದು ವಿಚಿತ್ರ ಲೆಕ್ಕವಿರುತ್ತದೆ. ತಡವಾದಷ್ಟೂ ಡಬ್ಬಿಗೆ ಹಾಕುವ ತಿನಿಸು ಹೆಚ್ಚಿನದಾಗಬೇಕು ಎನಿಸುತ್ತಿತ್ತು ತೋಟವ್ವನಿಗೆ. ಹೆಚ್ಚಿನದನ್ನು ಮಾಡಲು ಹೋದಷ್ಟೂ ತಡವಾಗುತ್ತಿತ್ತು.

ಹುಲಿಗೆವ್ವ ಕಟ್ಟೆಯ ಮೇಲೆ ಕೂತಿದ್ದರೆ ಇವಳು ಬಾಗಿಲು ಮುಂದೆ ಮಾಡಿ ಒಳಗೆ ಸರಿಯುತ್ತಿದ್ದಳು. ಹೊಳೆಗೆ ಹೋಗಲು ಹಿತ್ತಲ ದಾರಿ ಹಿಡಿದಳು. ಮೊದಲು ದಿನಾ ನೀರು ತರುವಾಗ ಹುಲಿಗೆವ್ವ ಸಿಗುತ್ತಿದ್ದಳು, ಮಾತಿಗೆ ನಿಂತರೆ ಬಿಡುತ್ತಿರಲಿಲ್ಲ. ಆ ಮಾತು ಇಲ್ಲದೆ ತೋಟವ್ವನಿಗೆ ದಿನ ಸಪ್ಪಗಾಯಿತು. ಆದರೂ ಡಬ್ಬಿ ನೆನಪಾದೊಡನೆ ಕಾಲು ಹಿತ್ತಲಿಗೇ ತಿರುಗುತ್ತಿತ್ತು.

ನಾಗರ ಪಂಚಮಿ ಬಂತು. ಪಂಚಮಿಗೆ ಮನೆಯಿಂದ ಮನೆಗೆ ಉಂಡೆ ಕಳಿಸುವುದು ವಾಡಿಕೆ. ಹುಲಿಗೆವ್ವನ ಸೊಸೆ ಬುಟ್ಟಿ ಹೊತ್ತು ಓಣಿಗೆ ಇಳಿದದ್ದು ತೋಟವ್ವನಿಗೆ ಕಿಟಕಿಯಿಂದ ಕಂಡಿತು.

ಅವಳು ಬಾಗಿಲ ಹಿಂದೆ ನಿಂತಳು. ಪಕ್ಕದ ಮನೆಯ ಚಿಲಕ ಸದ್ದಾಯಿತು. ಅಲ್ಲಿ ನಗು, ಮಾತು. ಮತ್ತೆ ಕಾಲ್ಗೆಜ್ಜೆಯ ಸದ್ದು ಹತ್ತಿರ ಬಂತು. ಈಗ ಇನ್ನೊಂದು ಋಣ ಹೆಗಲಿಗೇರುತ್ತದೆ ಎಂದು ಅವಳು ಬಾಗಿಲಿಗೆ ಅಂಟಿ ನಿಂತಳು.

ಗೆಜ್ಜೆಯ ಸದ್ದು ಅವಳ ಬಾಗಿಲು ದಾಟಿ ಮುಂದೆ ಹೋಯಿತು. ಆಚೆ ಮನೆಯ ಚಿಲಕ ಸದ್ದಾಯಿತು.

ತೋಟವ್ವ ಅಲ್ಲೇ ಕುಸಿದು ಕೂತಳು. ಆಮೇಲೆ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಮಠಕ್ಕೆ ಹೋದಳು.

“ಅಜ್ಜಾರ, ಓಣಿಗೆಲ್ಲ ಉಂಡಿ ಕೊಟ್ಟಾರ. ನಮ್ಮನಿ ಒಂದು ಬಿಟ್ಟಾರ. ಆಕಿ ನನ್ನ ಕೈ ಬಿಟ್ಲು. ಎಲ್ಲಾ ನಾನ ಕೆಡಿಸಿದೆ.”

ಅಜ್ಜಾರು ಅವಳಿಗೆ ನೀರು ಕೊಟ್ಟರು. ಕುಡಿಯುವವರೆಗೆ ಕಾದರು.

“ನಾಳೆ ಮುಂಜಾನಿಂದ ಏನೂ ತಿನ್ನಬ್ಯಾಡ. ಹೊತ್ತು ನೆತ್ತಿಗೆ ಬಂದ ಮ್ಯಾಲ ಹುಲಿಗೆವ್ವನ ಮನಿಗೆ ಹೋಗು.”

“ಡಬ್ಯಾಗ ಏನ್ ಹಾಕ್ಕೊಂಡು ಹೋಗ್ಲಿ?”

“ಡಬ್ಬಿ ಒಯ್ಯಬ್ಯಾಡ.”

“ಕೈ ಬೀಸ್ಕೋತ ಹೋಗ್ಲೇನ್ರಿ?”

“ಹೂಂ.”

“ಹೋಗಿ ಏನನ್ಲಿ?”

“ನೀ ಏನೂ ಅನಬ್ಯಾಡ. ಆಕಿ ಕೇಳಿದ್ದಕ್ಕ ಖರೇ ಹೇಳು.”

“ಆಕಿ ಏನ್ ಕೇಳ್ತಾಳ?”

“ಮಟಮಟ ಮಧ್ಯಾಹ್ನ ಮನಿಗೆ ಬಂದವ್ರನ್ನ ನೀವು ಏನ್ ಕೇಳ್ತೀರಿ?” ಎಂದರು ಅಜ್ಜಾರು.

ಮರುದಿನ ತೋಟವ್ವ ಬರಿಹೊಟ್ಟೆಯಲ್ಲಿ ಓಣಿ ದಾಟಿದಳು. ಕೈಯಲ್ಲಿ ಏನೂ ಇಲ್ಲದ್ದಕ್ಕೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಹುಲಿಗೆವ್ವ ಕಟ್ಟೆಯ ಮೇಲೆ ಬಿದಿರು ಸೀಳುತ್ತಿದ್ದಳು. ತಲೆಯೆತ್ತಿ ನೋಡಿದಳು. ನಗಲಿಲ್ಲ.

“ಬರ್ರಿ,” ಎಂದಳು. ಕತ್ತಿ ಕೆಳಗಿಡಲಿಲ್ಲ. ಇನ್ನೊಂದು ಬಿದಿರು ಸೀಳಿದಳು. ಆಮೇಲೆ ಬಾಯಿಮಾತಿಗೆಂಬಂತೆ ಕೇಳಿದಳು, “ಊಟ ಆತೇನ್ರಿ?”

ಆ ಪ್ರಶ್ನೆಗೆ ತೋಟವ್ವ ಹುಟ್ಟಿದಾಗಿನಿಂದ ಒಂದೇ ಉತ್ತರ ಕೊಟ್ಟಿದ್ದಳು. ಉಂಡಿರಲಿ ಬಿಡಲಿ, ಆಯಿತು ಎನ್ನುವುದೇ ಮರ್ಯಾದೆ. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ಇಲ್ಲ, ಅಕ್ಕಾ. ಹಸದೀನಿ.”

ಹುಲಿಗೆವ್ವನ ಕೈ ನಿಂತಿತು.

“ನಮ್ಮನ್ಯಾಗ ಉಣ್ತೀರೇನು?”

“ಹಾಕಿದ್ರ ಉಣ್ತೀನಿ.”

ಹುಲಿಗೆವ್ವ ಧಡಬಡಿಸಿ ಎದ್ದು ಒಳಗೆ ಕರೆದಳು. “ಇವತ್ತು ಬರೇ ಸಜ್ಜಿ ರೊಟ್ಟಿ, ಪುಂಡಿಪಲ್ಯ ಐತ್ರಿ. ಮಸರೂ ಇಲ್ಲ. ಮೊದ್ಲ ಹೇಳಿದ್ರ ಏನರ ಚಲೋದು ಮಾಡ್ತಿದ್ದೆ.”

ತೊಳೆದ ತಟ್ಟೆಯನ್ನೇ ಸೆರಗಿನಿಂದ ಒರೆಸಿದಳು. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದಳು. ಮನೆಗೆ ಯಾರಾದರೂ ಬಂದರೆ ತಾನೂ ಹೀಗೇ ಒರೆಸುತ್ತೇನಲ್ಲ ಎಂದು ತೋಟವ್ವನಿಗೆ ಅನಿಸಿತು.

ಪಲ್ಯ ಹುಳಿಹುಳಿಯಾಗಿತ್ತು, ಬೆಳ್ಳುಳ್ಳಿ ಚೆನ್ನಾಗಿ ಬಿದ್ದಿತ್ತು. ತೋಟವ್ವ ಒಂದು ರೊಟ್ಟಿ ಮುಗಿಸಿ ಇನ್ನೊಂದನ್ನು ತಾನೇ ಕೇಳಿ ಹಾಕಿಸಿಕೊಂಡಳು.

ಹುಲಿಗೆವ್ವ ಬಾಗಿಲ ಚೌಕಟ್ಟಿಗೆ ಒರಗಿ ಕೂತಳು.

“ಒಂದು ಮಾತು ಕೇಳ್ಲೇನ್ರಿ? ಆ ಹುಗ್ಗಿ ನೀವು ಉಂಡಿದ್ರೇನು?”

ತೋಟವ್ವ ತುತ್ತು ಹಿಡಿದ ಕೈ ಎತ್ತಲಿಲ್ಲ.

“ಡಬ್ಬಿ ಹೊಳ್ಳಿ ಬರಲಿಲ್ಲ,” ಎಂದಳು ಹುಲಿಗೆವ್ವ. “ನೀವು ನೋಡಿದ್ರ ಹಿತ್ತಲ ದಾರಿ ಹಿಡಿದ್ರಿ. ಬುಟ್ಟಿ ಹೆಣಿಯೋರ ಮನಿ ಹುಗ್ಗಿ ಇವ್ರಿಗೆ ನಡೀಲಿಲ್ಲ, ತಿಪ್ಪಿಗೆ ಚೆಲ್ಯಾರ, ಹೇಳಾಕ ನಾಚಿಕಿ ಅಂತ ತಿಳಕೊಂಡ್ವಿ. ಅದಕ್ಕ ನಿನ್ನೆ ಉಂಡಿ ಕಳಿಸಲಿಲ್ಲ. ಮತ್ತ ಕಳಿಸಿ ನಿಮಗ ಯಾಕ ತ್ರಾಸ ಕೊಡಬೇಕಂತ.”

“ಅಕ್ಕಾ, ನನ್ನ ಮಕ್ಕಳು ಆ ಡಬ್ಯಾಗ ಬೆರಳ ಹಾಕಿ ನೆಕ್ಕಿದ್ರು. ನಮ್ಮತ್ತಿ ಇನ್ನೂ ಆ ತುಪ್ಪದ ಮಾತು ಆಡ್ತಾಳ.”

ಹೇಳುತ್ತ ಹೇಳುತ್ತ ತೋಟವ್ವನಿಗೆ ಅಳು ಬಂತು. ಹುಲಿಗೆವ್ವನಿಗೂ ಕಣ್ಣು ತುಂಬಿತು. ಆದರೆ ಅವಳು ಅಳುತ್ತ ಕೂರಲಿಲ್ಲ, ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ಅಲ್ಲಿಂದ ತೋಟವ್ವ ನೆಟ್ಟಗೆ ಮಠಕ್ಕೆ ಬಂದಳು. ನಡೆದದ್ದನ್ನೆಲ್ಲ ಹೇಳಿದಳು.

“ಆಕಿ ನಮ್ಮನ್ನ ಹಗುರ ಮಾಡ್ತಾಳಂತ ನಾ ಅಂಜಿದ್ದೆ, ಅಜ್ಜಾರ. ನಾ ಆಕೀನ ಕೀಳು ಮಾಡೀನಂತ ಆಕಿ ಇಷ್ಟು ದಿನ ನೊಂದಾಳ. ನಿಮಗ ಮೊದ್ಲ ಗೊತ್ತಿತ್ತೇನು?”

“ನೀ ಬಂದಾಗೆಲ್ಲ ಡಬ್ಬಿ ಮಾತು ಹೇಳ್ತಿದ್ದಿ. ಹುಲಿಗೆವ್ವನ ಮಾತು ಇವತ್ತ ಮೊದಲ ಸಲ ಹೇಳಿದಿ,” ಎಂದರು ಅಜ್ಜಾರು.

ತೋಟವ್ವ ತಲೆ ತಗ್ಗಿಸಿದಳು. ಮೆಲ್ಲಗೆ ಹೇಳಿದಳು, “ಆಕೀನ ನಮ್ಮನಿಗೆ ಊಟಕ್ಕ ಕರೀಬೇಕ್ರಿ.”

“ಕರಿ.”

“ಈಗ ಹೆಂಗ ಕರೀಲಿ? ಗ್ವಾಡಿಗೆ ಸುಣ್ಣ ಹಚ್ಚಿಲ್ಲ. ಮನ್ಯಾಗ ತುಪ್ಪ ಇಲ್ಲ. ದಿನಾ ಅದ ನುಚ್ಚು, ಅದ ಮಜ್ಜಿಗಿ.” ಅವಳ ಹಣೆಯಲ್ಲಿ ಮತ್ತೆ ಗೆರೆಗಳು ಮೂಡಿದವು. “ದೀಪಾವಳಿ ಬರಲಿ. ನಾಕು ಥರ ಅಡಿಗಿ ಮಾಡಿ, ಮನಿ ಸಾರಿಸಿ, ಮರ್ಯಾದಿಲೆ ಕರೀತೀನಿ. ನಡೀತೈತಲ್ರಿ?”

ಅಜ್ಜಾರು ಅವಳ ಮುಖವನ್ನೇ ನೋಡಿದರು.

“ಅಲ್ಲೀತನಕ ಆಕಿ ನಿಮ್ಮ ಬಾಗಿಲ ಹೊರಗ ನಿಂತಿರಬೇಕೇನವ್ವಾ?”