ಸದ್ಯಕ್ಕೆ ಬೇಡ

“ಗುರುಗಳೇ, ಇಬ್ಬರನ್ನೂ ಕೇಳಿಯೇ ಪರಿಚಯಿಸುತ್ತೇವೆ. ಒಪ್ಪದವರ ಹೆಸರನ್ನು ಯಾರಿಗೂ ಹೇಳುವುದಿಲ್ಲ. ಇದರಿಂದ ಯಾರಿಗಾದರೂ ಕೆಡುಕಾದೀತೇ?” ಎಂದು ಶಿಷ್ಯ ಪ್ರಭಂಜನ ಕೇಳಿದ.

ಅವನು ಗೆಳೆಯರೊಂದಿಗೆ ಸೇರಿ ಮೊಬೈಲಿನಲ್ಲಿ ಬಳಸುವ ಒಂದು ಸಾಧನವನ್ನು ಕಟ್ಟುತ್ತಿದ್ದ. ಹಳೆಯ ಹಾಡೋ ಸಿನಿಮಾವೋ ತಮಗೆ ಏನನ್ನು ನೆನಪಿಸುತ್ತದೆ ಎಂಬುದನ್ನು ಜನ ಅದರಲ್ಲಿ ಹೇಳಿಡಬಹುದು. ಇಬ್ಬರ ನೆನಪು ಒಂದೇ ಸಂಜೆಯದೆಂದು ತಿಳಿದರೆ ಸಾಧನ ಅವರನ್ನು ಒಂದುಗೂಡಿಸುತ್ತದೆ.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಹೆಂಗಸು ರವಿಕೆ ಹೊಲಿದು ಬದುಕುತ್ತಿದ್ದಳು. ಒಬ್ಬಳೇ ಮಗಳು, ದೊಡ್ಡವಳಾಗಿ ಕೆಲಸಕ್ಕೆ ಹೋಗುತ್ತಿದ್ದಳು. ನಿನ್ನ ತಂದೆ ತೀರಿಕೊಂಡಿದ್ದಾರೆ ಎಂದು ಮಗಳಿಗೆ ಹೇಳಿದ್ದಳು. ತಂದೆ ತೀರಿಕೊಂಡಿರಲಿಲ್ಲ. ಅವನ ಊರಿನ ಪಾಲಿಗೆ ತೀರಿಕೊಂಡವಳು ಇವಳೇ.

ಮಗು ತೊಟ್ಟಿಲಲ್ಲಿದ್ದಾಗ ಗಂಡ ಅವಳಿಗೆ, ಮನೆ ಬಿಟ್ಟರೆ ಇಬ್ಬರನ್ನೂ ಹುಡುಕಿ ಕೊಲ್ಲುತ್ತೇನೆ ಎಂದಿದ್ದ. ಆಡಿದ ಮಾತನ್ನು ನಡೆಸುವವನೆಂದು ಊರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಆ ಊರಿಗೆ ಟೂರಿಂಗ್ ಟಾಕೀಸಿನವರು ಬಂದು ಗುಡಾರ ಹಾಕುತ್ತಿದ್ದರು. ಆಟಕ್ಕೆ ಮುಂಚೆ ಗುಡಾರದ ಮೇಲಿನ ಧ್ವನಿವರ್ಧಕದಲ್ಲಿ ರೆಕಾರ್ಡು ಹಾಕುವರು. ಕೊನೆಯದು ದೇವಿಯ ಹಾಡು. ಅದು ಬಂತೆಂದರೆ ಆಟ ಶುರುವಾಗುತ್ತದೆಂದು ಅರ್ಥ. ಊರೆಲ್ಲ ಗುಡಾರಕ್ಕೆ ಓಡುತ್ತಿತ್ತು, ಬೀದಿಯಲ್ಲಿ ಉಳಿಯುವುದು ನಾಯಿಗಳಷ್ಟೇ. ಒಂದು ಸಂಜೆ ದೇವಿಯ ಹಾಡು ಶುರುವಾದಾಗ ಅವಳು ಮಗುವನ್ನೆತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಟಳು. ನಡುವೆ ರೆಕಾರ್ಡಿನ ಮುಳ್ಳು ಸಿಕ್ಕಿಕೊಂಡಿತು. ಅವಳು ಹೊಳೆ ದಾಟುವವರೆಗೂ ಒಂದೇ ಸಾಲು ತಿರುತಿರುಗಿ ಬರುತ್ತಿತ್ತು. ಈಚೆ ದಡದಲ್ಲಿ ತನ್ನದೊಂದು ಸೀರೆಯನ್ನು ಬಿಟ್ಟುಹೋಗಿದ್ದಳು. ಊರು ಅದನ್ನು ನೋಡಿ ಏನು ತಿಳಿಯಬೇಕೋ ಅದನ್ನು ತಿಳಿಯಿತು. ಗಂಡ ತಿಥಿ ಮಾಡಿ, ನಾಲ್ಕು ಜನಕ್ಕೆ ಊಟ ಹಾಕಿ, ವರ್ಷ ತುಂಬುವ ಮೊದಲೇ ಇನ್ನೊಂದು ಮದುವೆಯಾದ.

ಬಹಳ ಕಾಲದ ಮೇಲೆ ಒಬ್ಬ ಕುಶಲಕರ್ಮಿ, ಪ್ರಭಂಜನ ಹೇಳಿದಂಥದೇ ಸಾಧನವನ್ನು ಕಟ್ಟಿದ. ಒಳ್ಳೆಯ ಮನುಷ್ಯ. ಒಬ್ಬರ ನೆನಪು ಇನ್ನೊಬ್ಬರ ಕಿವಿಗೆ ಸುಮ್ಮನೆ ಬೀಳದಂತೆ ನೋಡಿಕೊಂಡ. ಆದರೆ ಬಾಗಿಲಿಗೆ ಬಂದವನು ತಾನು ಯಾರೆಂದು ಮೊದಲು ಹೇಳುವುದು ಮರ್ಯಾದೆ. ಆದ್ದರಿಂದ ಪರಿಚಯ ಬೇಡುವವನ ಮಾತನ್ನು ಮಾತ್ರ ಎದುರಿನವರಿಗೆ ಕೇಳಿಸುವಂತೆ ಮಾಡಿದ. ಬಂದವರಿಗೆ ಮುಖಕ್ಕೆ ಹೊಡೆದಂತೆ ಇಲ್ಲವೆನ್ನುವುದು ನಮ್ಮ ಪದ್ಧತಿಯಲ್ಲ. ಆದ್ದರಿಂದ ‘ಬೇಡ’ ಎಂಬ ಗುಂಡಿಯನ್ನು ತೆಗೆದು ‘ಸದ್ಯಕ್ಕೆ ಬೇಡ’ ಎಂಬುದನ್ನು ಇಟ್ಟ. ಕೇಳಿದವನು ಉತ್ತರವಿಲ್ಲದೆ ಕಾಯಬಾರದೆಂದು ಆ ಉತ್ತರವನ್ನೂ ಅವನಿಗೆ ಮುಟ್ಟಿಸುವ ಏರ್ಪಾಡು ಮಾಡಿದ. ಸಭ್ಯತೆಯಲ್ಲಿ ಎಲ್ಲಿಯೂ ಕೊರತೆಯಿರಲಿಲ್ಲ.

ರವಿಕೆ ಹೊಲಿಸಲು ಬರುವ ಹೆಂಗಸರು ಆ ಸಾಧನಕ್ಕೆ ಮರುಳಾದರು. ಯಾವ ಸಿನಿಮಾ ನೋಡಿದ ದಿನ ತನಗೆ ಗಂಡು ನಿಶ್ಚಯವಾಯಿತು, ಯಾವ ಹಾಡು ಬಂದಾಗ ಅತ್ತೆ ರೇಡಿಯೋ ಆರಿಸಿದರು, ಎಲ್ಲವನ್ನೂ ಅದರಲ್ಲಿ ಹೇಳಿಟ್ಟರು. ಇವಳು ಮಾತ್ರ ತಲೆಯೆತ್ತದೆ ಹೊಲಿಯುತ್ತಿದ್ದಳು.

“ಏನಕ್ಕಾ, ಮಿಷನ್ ತುಳೀತಾನೇ ಹುಟ್ಟಿದೆಯಾ? ಒಂದು ಹಾಡೂ ಕೇಳಿಲ್ಲವಾ ನೀನು?” ಎಂದು ಒಬ್ಬಳು ಕೆಣಕಿದಳು.

ಎಲ್ಲರೂ ನಕ್ಕರು. ಸುಮ್ಮನಿದ್ದರೆ ಇನ್ನಷ್ಟು ಕೆದಕುತ್ತಾರೆಂದು ಅವಳೂ ನಕ್ಕಳು. ಮೊಬೈಲು ಕೈಗೆ ತೆಗೆದುಕೊಂಡು, ಒಂದು ಸಂಜೆ ಗುಡಾರದಲ್ಲಿ ದೇವಿಯ ಹಾಡಿನ ಮುಳ್ಳು ಸಿಕ್ಕಿಕೊಂಡಿತ್ತು ಎಂದಳು. ಆ ಸಾಲನ್ನು ಗುನುಗಿದಳು. ಅಷ್ಟೇ. ಊರಿನ ಹೆಸರಿಲ್ಲ, ತನ್ನ ಹೆಸರಿಲ್ಲ. ಅವಳು ಎಚ್ಚರದ ಹೆಂಗಸು.

ಸಾಧನ ಅವಳ ಗಂಡನ ಊರಿಗೂ ಹೋಗಿತ್ತು. ಒಳ್ಳೆಯದು ಎಲ್ಲ ಊರಿಗೂ ಹೋಗುತ್ತದೆ. ಅಲ್ಲಿಯ ಮುದುಕರು ಮುಳ್ಳು ಸಿಕ್ಕಿಕೊಂಡ ಸಂಜೆಯನ್ನು ಹೇಳಿಕೊಂಡು, ಊರು ಬಿಟ್ಟು ಹೋಗಿದ್ದ ಗೆಳೆಯರನ್ನು ಪತ್ತೆಮಾಡಿ, ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ದಿನ ಅವಳ ಮೊಬೈಲಿಗೂ ಕೋರಿಕೆ ಬಂತು. ಕಿವಿಗೆ ಹಿಡಿದಳು. ಯಾರೋ ಮುದುಕ ಗಂಟಲು ಸರಿಮಾಡಿಕೊಂಡ. ಮಾತು ಬರುವ ಮೊದಲೇ ಅವಳಿಗೆ ಯಾರೆಂದು ಗೊತ್ತಾಯಿತು.

“ಮುಳ್ಳು ಸಿಕ್ಕಿಕೊಂಡಾಗ ನಾವೆಲ್ಲ ನಗುತ್ತಿದ್ದೆವು. ಮನೆಗೆ ಬಂದರೆ ಒಲೆ ಇನ್ನೂ ಬೆಚ್ಚಗಿತ್ತು. ತೊಟ್ಟಿಲು ಖಾಲಿ.”

ಪರಿಚಯಿಸಲೇ ಎಂದು ಸಾಧನ ಕೇಳಿತು. ಅವಳ ಕಾಲು ತನ್ನಷ್ಟಕ್ಕೆ ಮಿಷನ್ ತುಳಿಯುತ್ತಲೇ ಇತ್ತು. ದಾರ ಕಡಿದ ಸೂಜಿ ಬಟ್ಟೆಯನ್ನು ಚುಚ್ಚುತ್ತಾ ಹೋಗುತ್ತಿತ್ತು. ‘ಸದ್ಯಕ್ಕೆ ಬೇಡ’ ಎಂಬುದನ್ನು ಒತ್ತಿದಳು. ಬಾಗಿಲು ಹಾಕಿದಷ್ಟು ನೆಮ್ಮದಿಯಾಯಿತು.

ಅತ್ತ ಅವನಿಗೆ ಉತ್ತರ ಮುಟ್ಟಿತು. ಆ ಸಂಜೆಯನ್ನು ನೆನೆಯುವವರು ಇನ್ನೊಬ್ಬರಿದ್ದಾರೆ, ಸದ್ಯಕ್ಕೆ ಪರಿಚಯ ಬೇಡ ಎಂದಿದ್ದಾರೆ. ಅವನಿಗೆ ಬೇಸರವಾಗದಿರಲೆಂದು ಸಾಧನ ಒಂದು ಮಾತನ್ನು ಸೇರಿಸಿತ್ತು: ಅವರು ನಿಮಗೆ ದೂರದಲ್ಲೇನೂ ಇಲ್ಲ. ಅವನು ಅದನ್ನು ಇನ್ನೊಮ್ಮೆ ಓದಿಸಿಕೊಂಡ. ಆ ಊರಿನವರು ಅಲ್ಲಿಯವರೆಗೆ ಯಾರೂ ತಮ್ಮ ಊರಿನವರನ್ನು ಬೇಡ ಎಂದಿರಲಿಲ್ಲ.

ಸದ್ಯ ಎಂದರೆ ಸಾಧನದ ಪ್ರಕಾರ ಮರುದಿನದವರೆಗೆ. ಮರುದಿನ ಅವನು ಮೊಬೈಲಿನಲ್ಲಿ ಮತ್ತೆ ಬಂದ. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ.

“ಮಗುವಿನ ಎಡಗಿವಿಯ ಹಿಂದೆ ಒಂದು ಮಚ್ಚೆಯಿತ್ತು. ಈಗ ಎಷ್ಟು ದೊಡ್ಡವಳಾಗಿದ್ದಾಳೋ, ನೋಡಬೇಕು.”

ಮಗಳು ಕನ್ನಡಿಯ ಮುಂದೆ ನಿಂತು ಕೂದಲನ್ನು ಎತ್ತಿ ಕಟ್ಟುತ್ತಿದ್ದಳು. ಇಳಿಬಿಡು ಎಂದಳು ತಾಯಿ. ಈ ಸೆಖೆಯಲ್ಲಿ ಯಾರಮ್ಮಾ ಇಳಿಬಿಡುತ್ತಾರೆ ಎಂದು ನಕ್ಕು ಮಗಳು ಕೆಲಸಕ್ಕೆ ಹೋದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ತಾಯಿ ಅವಳ ಕಿವಿಯನ್ನೇ ನೋಡುತ್ತಿದ್ದಳು.

ಆಮೇಲೆ ಒಳಗೆ ಬಂದು ತನ್ನ ನೆನಪನ್ನು ಅಳಿಸಿದಳು. ಕುಶಲಕರ್ಮಿ ಅದಕ್ಕೂ ಏರ್ಪಾಡು ಮಾಡಿದ್ದ. ಅವರು ಈಗಷ್ಟೇ ತಮ್ಮ ನೆನಪನ್ನು ಹಿಂತೆಗೆದುಕೊಂಡಿದ್ದಾರೆ ಎಂದು ಸಾಧನ ಅವನಿಗೆ ವಿಷಾದದಿಂದ ತಿಳಿಸಿತು. ತಿಳಿಸಿದ್ದೇವೆ ಎಂದು ಇವಳಿಗೂ ತಿಳಿಸಿತು. ಅಲ್ಲಿಯವರೆಗೆ ಅವನಿಗೆ ಇದ್ದದ್ದು ಅನುಮಾನ. ಈಗ ಅನುಮಾನ ಇರಲಿಲ್ಲ.

ಹೊಲಿಗೆಗೆ ಕೊಟ್ಟವರು ಬಂದಾಗ ಮನೆಗೆ ಬೀಗ ಹಾಕಿತ್ತು. ಬಟ್ಟೆಗಳೆಲ್ಲ ಪಕ್ಕದ ಮನೆಯಲ್ಲಿದ್ದವು. ಹೊಲಿದವು ಹೊಲಿದಂತೆ, ಕತ್ತರಿಸಿದವು ಕತ್ತರಿಸಿದಂತೆ. ಕೆಲವು ದಿನ ಕಳೆದ ಮೇಲೆ ಒಬ್ಬ ಮುದುಕ ಹತ್ತಿರದ ಪಟ್ಟಣಗಳಲ್ಲಿ ರವಿಕೆ ಹೊಲಿಯುವವರ ಮನೆಗಳನ್ನು, ಒಬ್ಬಳೇ ಮಗಳಿರುವ ತಾಯಂದಿರನ್ನು ವಿಚಾರಿಸಿಕೊಂಡು ಆ ಬೀದಿಗೆ ಬಂದ. ಅವನ ಮನೆಯಲ್ಲಿದ್ದಾಗಲೂ ಅವಳು ಹೊಲಿಯುತ್ತಿದ್ದಳು. ಅವಳು ನಿಮಗೆ ಏನಾಗಬೇಕು ಎಂದು ಹೆಂಗಸರು ಕೇಳಿದರು. ಬಹಳ ಬೇಕಾದವಳು ಎಂದ. ಅವರು ಅಯ್ಯೋ ಪಾಪ ಎಂದು ಅವನನ್ನು ಕೂರಿಸಿ ಚಹ ಕೊಟ್ಟರು, ತಮಗೆ ಗೊತ್ತಿದ್ದಷ್ಟನ್ನು ಹೇಳಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಈಗ ಆ ತಾಯಿ ಮಗಳು ಎಲ್ಲಿದ್ದಾರೆ?” ಎಂದು ಪ್ರಭಂಜನ ಕೇಳಿದ.

“ಅವನೂ ಇದನ್ನೇ ಕೇಳುತ್ತಿದ್ದಾನೆ,” ಎಂದರು ಗುರುಗಳು.