ಬಿಳಿ ಧೋತ್ರದ ಮಡಿಕೆಗೆ ಯಾವ ಬಣ್ಣ

ಗುರುಗಳು ಹೇಳಿದಷ್ಟು ನೆಟ್ಟಗೆ ಈ ಕತೆಯನ್ನು ಹೇಳಲು ನನಗೆ ಬರುವುದಿಲ್ಲ. ಓದುವವರು ಮನ್ನಿಸಬೇಕು.

"ಗುರುಗಳೇ, ಬಿಳಿ ಮೇಲೆ ಯಾವ ತೆಳುಬಣ್ಣ ಹಾಕಬೇಕ್ರಿ? ಒಂದೇ ಮಾತಿನಾಗ ಹೇಳಿಬಿಡ್ರಿ" ಎಂದು ಫಕೀರೇಶ ಕೇಳಿದ.

ಕೇಳಿದ ಎನ್ನುವುದಕ್ಕಿಂತ ರೇಗಿದ ಎನ್ನಬೇಕು. ಅವನ ಎದುರಿಗೆ ಗೇಣುದ್ದದ ಒಂದು ಮಣ್ಣಿನ ಬೊಂಬೆ ನಿಂತಿತ್ತು. ಬಿಳಿ ಧೋತ್ರ ಉಟ್ಟು ಬಿಳಿ ರುಮಾಲು ಸುತ್ತಿದ ಮುದುಕನ ಬೊಂಬೆ. ತೆಳುಬಣ್ಣ ಎಂದರೆ ಬಹಳ ನೀರು ಬೆರೆಸಿದ ಬಣ್ಣ. ಅದನ್ನು ಬೊಂಬೆಯ ಮೈಮೇಲೆ ಹರಿಯಬಿಟ್ಟರೆ ಮಡಿಕೆಗಳಲ್ಲಿ, ಸುಕ್ಕುಗಳಲ್ಲಿ ಇಳಿದು ನಿಲ್ಲುತ್ತದೆ. ಉಬ್ಬಿದ ಕಡೆ ನಿಂತದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಆಗ ಮಡಿಕೆಗೆ ನೆರಳು ಬಂದು, ಮಣ್ಣಿನ ಧೋತ್ರ ನಿಜವಾದ ಧೋತ್ರದಂತೆ ಕಾಣುತ್ತದೆ. ಇಷ್ಟು ಫಕೀರೇಶನಿಗೂ ಗೊತ್ತಿತ್ತು. ಯಾವ ಬಣ್ಣ ಎಂಬುದು ಮಾತ್ರ ಗೊತ್ತಿರಲಿಲ್ಲ. ಮೊದಲು ಕಾಡಿಗೆಯ ಕಪ್ಪು ಬಿಟ್ಟ. ಮುದುಕ ಗಟಾರದಲ್ಲಿ ಬಿದ್ದೆದ್ದು ಬಂದವನಂತೆ ಕಂಡ. ಅದನ್ನು ಒರೆಸಿ, ಮತ್ತೆ ಬಿಳಿ ಬಳಿದು, ಒಣಗುವವರೆಗೆ ಕಾದು ನೀಲಿ ಬಿಟ್ಟ. ಒಗೆಯುವಾಗ ನೀಲಿ ಹೆಚ್ಚಾಗಿ ಕೆಟ್ಟ ಬಟ್ಟೆಯಂತಾಯಿತು. ಅದನ್ನೂ ಒರೆಸಿ ಕಂದು ಬಿಟ್ಟ. ಧೋತ್ರ ಚಹಾ ಸೋಸುವ ಅರಿವೆಯಾಯಿತು.

ಬೊಂಬೆ ಮಾಡಿಸಿದವರು ಹೊರಗೆ ಜಗಲಿಯ ಮೇಲೆ ಕುಳಿತಿದ್ದರು. ಅದು ಅವರ ತೀರಿಕೊಂಡ ತಂದೆಯ ಬೊಂಬೆ. ಮರುದಿನ ಮನೆಯಲ್ಲಿ ವರ್ಷದ ಪೂಜೆ. ಸಂಜೆಯ ಬಸ್ಸಿಗೆ ಅದನ್ನು ಒಯ್ಯಬೇಕು. "ಆತೇನ್ರೀ?" ಎಂದು ಅವರು ಆಗಾಗ ಒಳಗೆ ಇಣುಕುತ್ತಿದ್ದರು. "ಆಗತೈತ್ರೀ, ಕುಂದರ್ರೀ" ಎಂದು ಫಕೀರೇಶ ತಲೆ ಎತ್ತದೆ ಹೇಳುತ್ತಿದ್ದ.

ಗುರು ಮೌನೇಶಪ್ಪನವರು ಪೂರ್ತಿಯಾಗಿ ಶಿಷ್ಯನ ಕೈಗೆ ಒಪ್ಪಿಸಿದ ಮೊದಲ ಬೊಂಬೆ ಇದು. ಇದು ಕೆಟ್ಟರೆ ಈ ವಿದ್ಯೆಯನ್ನೇ ಬಿಟ್ಟುಬಿಡುವುದು ಎಂದು ಫಕೀರೇಶ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಇಲ್ಲಿಗೆ ಬರುವ ಮೊದಲು ಅವನು ಮನೆಗಳ ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಅಲ್ಲಿ ಇಂಥ ತಂಟೆ ಇರಲಿಲ್ಲ. ಡಬ್ಬಿಯಲ್ಲಿ ಇದ್ದ ಬಣ್ಣವೇ ಗೋಡೆಯ ಮೇಲೂ ಬರುತ್ತಿತ್ತು.

"ಹೋದ ವಾರ ಬಿಳಿ ಕುದುರಿಗೆ ಬೂದಿ ಬಣ್ಣ ಅಂದ್ರಿ. ಮೊನ್ನೆ ಬಿಳಿ ಸೀರಿಗೆ ಅರಿಷಿಣದ ಛಾಯಾ ಅಂದ್ರಿ. ಬಿಳಿ ಅಂದರ ಬಿಳಿ ಅಲ್ಲೇನ್ರಿ? ನೀವು ದಿನಕ್ಕೊಂದು ಹೇಳಿದರ ನಾ ಯಾವುದನ್ನ ನಂಬಬೇಕು?"

ಮೌನೇಶಪ್ಪನವರು ಕುಂಚವನ್ನು ನೀರಿನಲ್ಲಿ ಅದ್ದಿಟ್ಟು ಕತೆ ಆರಂಭಿಸಿದರು. ಹೊತ್ತು ಇಳಿಯುತ್ತಿರುವಾಗ ಕತೆಯೇ ಎಂದು ಫಕೀರೇಶ ಜಗಲಿಯ ಕಡೆ ನೋಡಿದ. ಆದರೂ ಕುಳಿತ.

ಒಬ್ಬ ರೈತನಿಗೆ ಒಂದು ಜೋಡಿ ಬಿಳಿ ಎತ್ತುಗಳಿದ್ದವು. ಒಂದು ಸತ್ತುಹೋಯಿತು. ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಮನೆಮನೆಯಲ್ಲೂ ಮಣ್ಣಿನ ಎತ್ತುಗಳನ್ನು ಇಟ್ಟು ಪೂಜಿಸುತ್ತಾರೆ. ಪೂಜೆಗೆ ಯಾವ ಎತ್ತಾದರೂ ನಡೆಯುತ್ತದೆ. ಆದರೆ ಈ ರೈತನಿಗೆ ಸತ್ತ ಎತ್ತೇ ಬೇಕಾಗಿತ್ತು. ಅವನು ಒಬ್ಬ ಬೊಂಬೆಗಾರನ ಹತ್ತಿರ ಹೋಗಿ, ಕೊಂಬು ಹೀಗೆ, ಬೆನ್ನ ಮೇಲಿನ ಡುಬ್ಬ ಹೀಗೆ ಎಂದು ಹೇಳಿ ಮಾಡಿಸಿದ. ಕೊಂಬು ಸರಿಯಾಗಿ ಬಂತು. ಡುಬ್ಬವೂ ಸರಿಯಾಗಿ ಬಂತು. ಬೊಂಬೆಗಾರ ಮೈಗೆಲ್ಲ ಬಿಳಿ ಬಳಿದ. ಕೊರಳ ಕೆಳಗೆ ಜೋಲುವ ತೊಗಲಿನ ಮಡಿಕೆಗಳಿಗೆ ಕಪ್ಪು ತೆಳುಬಣ್ಣ ಬಿಟ್ಟ.

ರೈತ ನೋಡಿದ. "ನನ್ನ ಎತ್ತು ಹೊಲದಾಗ ದುಡಿದೈತಿ, ಕಮ್ಮಾರನ ಕುಲುಮ್ಯಾಗ ಅಲ್ಲ" ಎಂದ.

ಬೊಂಬೆಗಾರ ಸಿಟ್ಟು ನುಂಗಿಕೊಂಡು ಅದನ್ನು ಒರೆಸಿ ಬೂದಿ ಬಣ್ಣ ಬಿಟ್ಟ. ಬಹಳ ಅಂದವಾಗಿ ಬಂತು. ಅವನ ತಂದೆ ಬಿಳಿ ಎತ್ತಿಗೆ ಬೂದಿಯನ್ನೇ ಬಿಡುತ್ತಿದ್ದ, ಅಜ್ಜನೂ ಬೂದಿಯನ್ನೇ ಬಿಡುತ್ತಿದ್ದ. ಇನ್ನು ಮಾತಿಗೆ ಎಡೆಯಿಲ್ಲ ಎಂದುಕೊಂಡು ರೈತನ ಕೈಗೆ ಕೊಟ್ಟ.

ರೈತ ತಿರುಗಿಸಿ ತಿರುಗಿಸಿ ನೋಡಿದ. "ಎತ್ತು ಛಲೋ ಐತಿ. ಆದರ ಇದು ನಮ್ಮ ಬೀಗರ ಎತ್ತು."

"ನಿಮ್ಮ ಬೀಗರ ಎತ್ತು ನಾ ಎಲ್ಲಿ ನೋಡೀನೋ? ನೀ ಹೇಳಿದ ಕೊಂಬು, ನೀ ಹೇಳಿದ ಡುಬ್ಬ!"

"ಕೊಂಬು ನಂದೇ. ಎತ್ತು ಬೀಗರದು."

ಬೊಂಬೆಗಾರನ ತಲೆ ಕೆಟ್ಟಿತು. ಈ ಮನುಷ್ಯನಿಗೆ ಕಣ್ಣೇ ಇಲ್ಲ ಎಂದು ತೋರಿಸಿಕೊಡಲು ಅವನ ಕೊಟ್ಟಿಗೆಗೇ ಹೊರಟ. ಅಲ್ಲಿ ಜೋಡಿಯಲ್ಲಿ ಉಳಿದ ಎತ್ತನ್ನು ಕಟ್ಟಿದ್ದರು. ಅದೂ ಬಿಳಿಯೇ. ಬೊಂಬೆಗಾರ ಅದರ ಕೊರಳ ಮಡಿಕೆಯನ್ನು ಬಿಡಿಸಿ ಹೆಬ್ಬೆರಳಿನಿಂದ ತಿಕ್ಕಿದ. ಬೆರಳು ಕೆಂಪಗಾಯಿತು.

ರೈತನದು ಮಸಾರಿ ಹೊಲ, ಅಂದರೆ ಕೆಂಪು ಮಣ್ಣಿನ ಹೊಲ. ಉಳುವಾಗ ಎದ್ದ ಧೂಳು ಬೆವರಿಗೆ ಅಂಟಿ, ಎಷ್ಟು ಮೈ ತೊಳೆದರೂ ಹೋಗದೆ ಮಡಿಕೆಯಲ್ಲಿ ಉಳಿದಿತ್ತು. ಬೀಗರ ಊರಿನದು ಎರೆ ಭೂಮಿ, ಅಂದರೆ ಕರಿ ಮಣ್ಣು. ಅಲ್ಲಿಯ ಎತ್ತಿನ ಮಡಿಕೆಯಲ್ಲಿ ಬೂದಿ ಬಣ್ಣವೇ ಇರುತ್ತದೆ. ರೈತನಿಗೆ ಇದನ್ನು ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಅವನ ಕಣ್ಣಿಗೆ ಮಾತ್ರ ಅದು ಗೊತ್ತಿತ್ತು.

ಬೊಂಬೆಗಾರ ಮರಳಿ ಬಂದು ಕೆಮ್ಮಣ್ಣನ್ನು ನೀರಿನಲ್ಲಿ ತೀರ ತೆಳ್ಳಗೆ ಕದಡಿ ಬಿಟ್ಟ. ಈ ಸಲ ರೈತ ಬೊಂಬೆಗಾರನಿಗೆ ಏನೂ ಹೇಳಲಿಲ್ಲ. ಅಂಗೈ ಮೇಲಿದ್ದ ಎತ್ತನ್ನೇ ಬೈದ. "ಎಲ್ಲಿ ಹೋಗಿದ್ದಿಲೇ ಇಷ್ಟು ದಿನಾ?"

ಇಲ್ಲಿಗೆ ಕತೆ ಮುಗಿಯಿತು. ಫಕೀರೇಶ ಹಣೆ ಚಚ್ಚಿಕೊಂಡ.

"ಇಷ್ಟೇನ್ರಿ ಗುರುಗಳೇ? ಬಿಳಿ ಮೇಲೆ ಕೆಮ್ಮಣ್ಣು! ಮುಂಜಾನೇನೇ ಹೇಳಿದ್ದರ ಇಷ್ಟೊತ್ತಿಗೆ ಬೊಂಬಿ ಒಣಗತಿತ್ತು" ಎಂದು ಕೆಮ್ಮಣ್ಣಿನ ಬಟ್ಟಲನ್ನು ಎತ್ತಿಕೊಂಡ.

ಈಗ ರೇಗುವ ಸರದಿ ಗುರುಗಳದಾಯಿತು.

"ಏ ಪುಣ್ಯಾತ್ಮಾ, ಕೆಳಗಿಡು ಅದನ್ನ! ಎತ್ತಿನ ಬಣ್ಣ ತಂದು ಮನುಷ್ಯಾಗ ಬಳೀತಿಯೇನು? ನಾ ಸರಿಯಾಗಿ ಹೇಳಲಿಲ್ಲ ಅಂತ ಕಾಣತೈತಿ, ಇನ್ನೊಮ್ಮೆ ಬಿಡಿಸಿ ಹೇಳತೀನಿ ಕೇಳು. ಅದೇ ಎತ್ತನ್ನ ಗಾಣಕ್ಕ ಕಟ್ಟಿದ್ದರ ಮಡಿಕ್ಯಾಗ ಎಣ್ಣಿ ಜಿಡ್ಡು ಇರತಿತ್ತು. ಸುಣ್ಣದ ಬಂಡಿಗೆ ಹೂಡಿದ್ದರ ಮಡಿಕಿನೂ ಬಿಳಿ ಇರತಿತ್ತು, ಆಗ ಏನೂ ಬಿಡೋದೇ ಬ್ಯಾಡ. ಬಣ್ಣ ನಾವು ಆರಿಸೋದಲ್ಲ. ಆರಿಸತೀವಿ ಖರೆ, ಆದರ ಆರಿಸೋಕಿಂತ ಮೊದಲು... ಹೆಂಗ ಹೇಳಲಿ ನಿನಗ, ತೆಳುಬಣ್ಣ ಅನ್ನೋದನ್ನ ನಾವು ಮೇಲಿಂದ ಹಾಕಿದರೂ, ಅದು..."

"ಏನ್ರೀ, ಆವಿಗಿ ಬಾಯಿ ಬಿರಿದೈತಿ! ಹೊಗಿ ಎಲ್ಲಾ ಹೊರಗ ಬರಾಕತ್ತೈತಿ, ಲಗೂನ ಬರ್ರೀ!" ಎಂದು ಹಿತ್ತಲಿನಿಂದ ಗುರುಗಳ ಹೆಂಡತಿ ಕೂಗಿದರು. ಆವಿಗೆಯ ಒಳಗೆ ಬೊಂಬೆಗಳು ಬೇಯುತ್ತಿದ್ದವು.

ಮೌನೇಶಪ್ಪನವರು ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದರು. ಫಕೀರೇಶ ಬಟ್ಟಲು ಹಿಡಿದುಕೊಂಡೇ ಅವರ ಹಿಂದೆ ಬಾಗಿಲವರೆಗೆ ಓಡಿದ.

"ಬಣ್ಣದ ಹೆಸರೊಂದು ಹೇಳಿ ಹೋಗ್ರಿ, ಗುರುಗಳೇ! ಹೊರಗ ಅವರು ಕಾಯಾಕತ್ತಾರ."

ಗುರುಗಳು ಹೊಸ್ತಿಲ ಮೇಲೆ ನಿಂತು ತಿರುಗಿದರು.

"ಅವರ ಅಪ್ಪ ಆ ಧೋತ್ರ ಉಟ್ಟು ಏನು ಕೆಲಸ ಮಾಡತಿದ್ದರು?"

ಫಕೀರೇಶ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. ಕೇಳಲು ಜಗಲಿಯ ಕಡೆ ನಡೆದ.