ಗ್ಯಾನಪ್ಪ ಬರೆದ ಪ್ರವಾಸ ವರದಿಗಳು

ಕೂತು ಕೇಳುವಿರಾದರೆ ಹೇಳುತ್ತೇನೆ. ಆದರೆ ನಡುವೆ ಯಾರಾದರೂ ನಕ್ಕರೆ ಎದ್ದು ಹೋಗುತ್ತೇನೆ. ನನಗೆ ಇದರಲ್ಲಿ ನಗು ಬಂದಿಲ್ಲ, ಸಿಟ್ಟು ಬಂದಿದೆ.

ಇಳಕಲ್ಲಿನಲ್ಲಿ ನಮ್ಮ ಓಣಿಯ ಹುಲಿಗೆವ್ವನಿಗೆ ಒಬ್ಬನೇ ಮಗ. ವಯಸ್ಸು ಮೂವತ್ತೆರಡು, ಹೆಸರು ಗ್ಯಾನಪ್ಪ. ಆ ಹೆಸರಿಟ್ಟವರು ಎಲ್ಲಾದರೂ ಸಿಕ್ಕರೆ ನನಗೆ ತಿಳಿಸಿ. ಹೇಳಿದ ಮಾತು ಕೇಳುವುದಿಲ್ಲ ಅಂತ ಊರವರು ಮಕ್ಕಳನ್ನು ಬೈಯುತ್ತಾರೆ. ಇವನು ಕೇಳುತ್ತಾನೆ, ಅದೇ ಇವನ ರೋಗ. ಹೇಳಿದ್ದನ್ನೇ ಮಾಡುತ್ತಾನೆ, ಹೇಳಿದಷ್ಟೇ ಮಾಡುತ್ತಾನೆ. "ಹಾಲು ಉಕ್ಕೂದು ನೋಡಪಾ" ಅಂದರೆ ಉಕ್ಕುವುದನ್ನು ಕಣ್ತುಂಬ ನೋಡಿ, "ಉಕ್ಕಿತಬೇ" ಎಂದು ಬಂದು ಹೇಳುತ್ತಾನೆ.

ಹುಲಿಗೆವ್ವ ನಲವತ್ತು ವರ್ಷದಿಂದ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಾಳೆ. "ಸಮುದ್ರದ ಬಣ್ಣದ್ದು ಕೊಡ್ರಿ" ಎಂದು ಕೇಳಿ ಒಯ್ಯುವ ಗಿರಾಕಿಗಳಿದ್ದಾರೆ. ಅವಳು ಸಮುದ್ರ ನೋಡಿಲ್ಲ. "ಸಾಯೂದ್ರಾಗ ಒಮ್ಮೆ ನೋಡಬೇಕು, ನಾ ನೇದ ಬಣ್ಣ ಖರೇನೋ ಸುಳ್ಳೋ ಅಂತ" ಅನ್ನುತ್ತಿದ್ದಳು. ಅವಳಿಗಿದ್ದ ಆಸೆ ಅದೊಂದೇ.

ಗ್ಯಾನಪ್ಪನ ಫೋನಿನಲ್ಲಿ ತಿರುಗಾಟದ ಬಳಗ ಅಂತ ಒಂದು ಗುಂಪು. ಊರೂರು ಸುತ್ತಿದವರು ತಾವು ಹೋಗಿ ಬಂದದ್ದನ್ನು ವರದಿ ಬರೆದು ಅಲ್ಲಿ ಹಾಕುತ್ತಾರೆ, ಉಳಿದವರು ಓದಿ ಹೆಬ್ಬೆರಳೆತ್ತಿ ಮೆಚ್ಚುತ್ತಾರೆ. ಧಾರವಾಡದ ಇಂದುಮತಿ ಟೀಚರು ಅದರ ಯಜಮಾನಿ. ವರ್ಷಕ್ಕೊಮ್ಮೆ ಬಳಗದವರೆಲ್ಲ ಕೂಡಿ ಬಸ್ಸಿನಲ್ಲಿ ಪ್ರವಾಸ ಹೋಗುತ್ತಾರೆ. ಯಾರ ವರದಿಯನ್ನು ಟೀಚರು ಒಪ್ಪುತ್ತಾರೋ ಅವರಿಗೆ ಬಸ್ಸಿನಲ್ಲಿ ಎರಡು ಸೀಟು. ಒಂದು ಬರೆದವರಿಗೆ, ಒಂದು ಅವರ ಮನೆಯವರಿಗೆ. ಈ ವರ್ಷ ಬಸ್ಸು ಗೋಕರ್ಣಕ್ಕೆ, ಅಂದರೆ ಸಮುದ್ರಕ್ಕೆ.

"ಗ್ಯಾನ್ಯಾ, ಒಂದ ವರದಿ ಬರಿಯೋ," ಅಂದಳು ಹುಲಿಗೆವ್ವ. "ಒಂದ ಛಲೋ ವರದಿ ಬರದು ನಂಗ ಸಮುದ್ರ ತೋರ್ಸೋ."

ಹೂಂ ಅಂದ. ಹೇಗೆ ಬರೆಯಬೇಕು ಎಂದು ಟೀಚರಿಗೇ ಫೋನು ಮಾಡಿ ಕೇಳಿದ.

"ದಾರಿಯೊಳಗ ಕಂಡದ್ದೆಲ್ಲಾ ಬರೀರಿ," ಅಂದರು ಟೀಚರು. "ಒಂದನ್ನೂ ಬಿಡಬ್ಯಾಡ್ರಿ."

ಗ್ಯಾನಪ್ಪ ಬಾದಾಮಿಗೆ ಹೊರಟ. ಬಸ್ಸಿನ ಕಿಟಕಿ ಪಕ್ಕ ಕೂತ, ಬರೆಯತೊಡಗಿದ. ಮೊದಲನೇ ಕರೆಂಟಿನ ಕಂಬ. ಎರಡನೇ ಕಂಬ. ಮೂರನೇ ಕಂಬ, ಮೇಲೆ ಕಾಗೆ. ನಾಲ್ಕನೇ ಕಂಬ, ಕಾಗೆ ಇಲ್ಲ. ಅಮೀನಗಡ ಬರುವಷ್ಟರಲ್ಲಿ ನಾನೂರ ಎಪ್ಪತ್ತು ಕಂಬವಾದವು, ಫೋನಿನ ಬ್ಯಾಟರಿ ಸತ್ತಿತು. ಬರೆಯಲು ಆಗದ ಮೇಲೆ ಕಾಣುವುದು ತಪ್ಪೆಂದು ಅಲ್ಲೇ ಇಳಿದು, ಮುಖ ಮುಚ್ಚಿಕೊಂಡು ಮನೆಗೆ ಬಂದ. ವರದಿಯ ಹೆಸರು ಮಾತ್ರ 'ಬಾದಾಮಿ ಪ್ರವಾಸ'.

"ಏನ್ರೀ ಇದು?" ಅಂದರು ಟೀಚರು. "ಬಾದಾಮಿ ಎಲ್ಲೈತ್ರಿ ಇದರಾಗ? ಇಷ್ಟುದ್ದ ಯಾರು ಓದಬೇಕು? ನಿಮ್ಮ ಮನಸ್ಸಿಗೆ ಹಿಡಿಸಿದ್ದು ಒಂದ ಬರೀರಿ, ಸಾಕು."

"ಮನಸ್ಸಿಗೆ ಹಿಡಿಸಿದ್ದು ಬರಿಯೋ ಮೂಳಾ," ಅಂದಳು ಹುಲಿಗೆವ್ವ. "ಕಂಬ ಬರದ್ರ ಸೀಟ್ ಕೊಡತಾರೇನು?"

ಗ್ಯಾನಪ್ಪ ಐಹೊಳೆಗೆ ಹೋದ. ದಿನವಿಡೀ ಗುಡಿ ನೋಡಿದ. ನೂರಕ್ಕೂ ಮೀರಿ ಗುಡಿ ಇರುವ ಊರು, ಒಂದನ್ನೂ ಬಿಡಲಿಲ್ಲ. ಸಂಜೆಗೆ ಬಂದು ವರದಿ ಹಾಕಿದ: 'ಮಿರ್ಚಿ ಬಜಿ ಬಿಸಿ ಇತ್ತು.'

ಮುಗಿಯಿತು, ಅಷ್ಟೇ ವರದಿ. ಬಳಗದವರು ಬಿದ್ದು ಬಿದ್ದು ನಕ್ಕರಂತೆ. ನಗುವವರಿಗೇನು, ಸೀಟು ಹೋಗುವುದು ಹುಲಿಗೆವ್ವನದು.

"ಐಹೊಳಿಗೆ ಹೋಗಿ ಬಜಿ ಒಂದೇನ್ರೀ ಕಂಡದ್ದು?" ಅಂದರು ಟೀಚರು. "ಓದಿದವರಿಗೆ ಉಪಯೋಗ ಆಗಬೇಕ್ರಿ. ಕಣ್ಣು ಮುಚ್ಚಿಕೊಂಡು ಹೋದರೂ ಮುಟ್ಟಬೇಕು, ಹಂಗ ದಾರಿ ಬರೀರಿ."

"ಕೇಳಿದೇನು?" ಅಂದಳು ಹುಲಿಗೆವ್ವ. "ದಾರಿ ಬರಿ. ಬಜಿ ಬರದಿ ಅಂದ್ರ ಮನಿ ಒಳಗ ಬರಬ್ಯಾಡ."

ಗ್ಯಾನಪ್ಪ ಪಟ್ಟದಕಲ್ಲಿಗೆ ಹೋದ. ಬಸ್ಸಿನಿಂದ ಇಳಿದವನೇ ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡ. ಹೆಜ್ಜೆ ಎಣಿಸುತ್ತ ನಡೆದ, ಒಂದೊಂದನ್ನೂ ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ. 'ಮೂವತ್ತು ಹೆಜ್ಜೆ. ಗೋಡೆ. ಎಡಕ್ಕೆ ತಿರುಗಿ. ಎಂಟು ಹೆಜ್ಜೆ. ನಾಯಿ, ಮಲಗಿದೆ. ಈಗ ಮಲಗಿಲ್ಲ. ಓಡಿ. ಹನ್ನೊಂದು ಹೆಜ್ಜೆ. ಗಟಾರ.'

ಗಟಾರದಿಂದ ಎದ್ದು ಹಾಗೇ ಬಂದ. ನಾನು ನಮ್ಮ ಬಾಗಿಲಲ್ಲಿ ನಿಂತು ನೋಡಿದೆ. ಹುಲಿಗೆವ್ವ ನಾಲ್ಕು ಕೊಡ ನೀರು ಸುರಿದು ತೊಳೆದಳು, ಒಂದೊಂದು ಕೊಡಕ್ಕೂ ಒಂದೊಂದು ಬೈಗುಳ. "ನಿನ್ನ ಹಡೆಯೂದಕ್ಕಿಂತ ಒಂದ ಬೀಸುಕಲ್ಲ ಹಡದಿದ್ರ ಹಿಟ್ಟಾದ್ರೂ ಬೀಸತಿತ್ತೋ. ಕಣ್ಣು ದೇವರು ಯಾಕ ಕೊಟ್ಟಾನ? ತಗದು ನೋಡೋ."

ಟೀಚರಿಗೂ ತಾಳ್ಮೆ ಮುಗಿದಿತ್ತು. "ಇದು ಕಡೇ ಸಲ ನೋಡ್ರಿ," ಅಂದರು. "ವರದಿ ಓದಿದವರಿಗೆ ತಾವೇ ಹೋಗಿ ಬಂದಂಗ ಆಗಬೇಕು. ಒಬ್ಬರಾದರೂ ಹಂಗ ಅಂದರೆ ನಿಮ್ಮ ವರದಿ ಗೆದ್ದಂಗ."

ಟೀಚರ ಮೇಲೂ ನನಗೆ ಸಿಟ್ಟೇ. ಓದಿದವರು, ನಾಲ್ಕು ಊರು ಕಂಡವರು. ಕೋಣನ ಮುಂದೆ ಕಿನ್ನರಿ ಬಾರಿಸುವುದು, ಕುಣಿಯಲಿಲ್ಲ ಅಂತ ಕೋಣವನ್ನು ಬೈಯುವುದು. ಕೋಣ ಕುಣಿದಿದ್ದರೆ ಯಾರ ಕಾಲು ತುಳಿಯುತ್ತಿತ್ತು ಅಂತ ಒಬ್ಬರಾದರೂ ಯೋಚಿಸಿದರೇ?

ನಮ್ಮ ಓಣಿಯ ಯಮನೂರಪ್ಪ ಉಪ್ಪು ತರಲು ಟೆಂಪೊ ತೆಗೆದುಕೊಂಡು ಗೋಕರ್ಣದ ಕಡೆಗೆ ಹೊರಟಿದ್ದ. ಅವನ ಪಕ್ಕ ಒಂದೇ ಸೀಟು ಖಾಲಿ. ಹುಲಿಗೆವ್ವ ಮಗನನ್ನು ಹತ್ತಿಸಿದಳು. "ನೀ ಹೋಗಿ ಸಮುದ್ರದ ಮ್ಯಾಲೇ ಬರಿ. ಟೀಚರು ಒಪ್ಪತಾರ. ಆಮ್ಯಾಲ ಬಸ್ಸಿನಾಗ ಇಬ್ಬರೂ ಹೋಗೂಣು."

ಈ ಸಲ ಏನಾಯಿತೋ ನಾನರಿಯೆ. ಗ್ಯಾನಪ್ಪ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದಂಡೆಯ ಮೇಲೆ ಕಣ್ಣು ತೆರೆದು ಕೂತು ನೋಡಿದ, ನೋಡಿದ್ದನ್ನು ಬರೆದ. ಮನೆಗೆ ಬಂದು ಅವ್ವನಿಗೆ ಓದಿ ಹೇಳಿದ. "ನೀರು ಬೆಳಿಗ್ಗೆ ಬೂದಿ ಬಣ್ಣ. ಬಿಸಿಲೇರಿದ ಮೇಲೆ ಹಸಿರು. ಮಧ್ಯಾಹ್ನ ನಮ್ಮವ್ವ ನೇಯುವ ಬಣ್ಣ, ಖರೇ ಅದೇ ಬಣ್ಣ. ಅಂಚು ಮಾತ್ರ ಬಿಳಿ. ಅದು ನೇಯುತ್ತದೆ, ಬಿಚ್ಚುತ್ತದೆ, ಮತ್ತೆ ನೇಯುತ್ತದೆ, ಸೀರೆ ಮುಗಿಯುವುದೇ ಇಲ್ಲ."

ಹುಲಿಗೆವ್ವ ಲಾಳಿ ಕೆಳಗಿಟ್ಟಳು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಮಗನನ್ನು ಹೊಗಳಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗ್ಯಾನ್ಯಾ, ನಂಗ ಹೋಗಿ ಬಂದಂಗಾತೋ," ಅಂದಳು.

ನಾನೂ ಅಲ್ಲೇ ಇದ್ದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಟೀಚರು ವರದಿ ಒಪ್ಪಿದರು, ಎರಡು ಸೀಟು ಅಂತ ಬರೆದರು. ಅದರ ಕೆಳಗೆ ಗ್ಯಾನಪ್ಪ ಬರೆದ: 'ನಮ್ಮವ್ವ ಹೋಗಿ ಬಂದಳು. ಅವಳ ಸೀಟು ಬೇಕಾದವರಿಗೆ ಕೊಡಿ.' ಮಗನ ಜೊತೆ ತಾಯಿಯೂ ಹೋಗಿದ್ದಳೇನೋ ಅಂದುಕೊಂಡು ಟೀಚರು ಕೊಟ್ಟೇಬಿಟ್ಟರು. ಹುಲಿಗೆವ್ವನಿಗೆ ಓದಲು ಬರುವುದಿಲ್ಲ. ನನಗೆ ಬರುತ್ತದೆ, ಆದರೆ ನಾನು ಆ ಬಳಗದಲ್ಲಿಲ್ಲ.

ಭಾನುವಾರ ಬೆಳಿಗ್ಗೆ ಊರೂರಿನವರನ್ನು ಹತ್ತಿಸಿಕೊಳ್ಳುತ್ತ ಬಸ್ಸು ನಮ್ಮೂರ ಬಸ್‌ ಸ್ಟ್ಯಾಂಡಿಗೆ ಬಂತು. ಹುಲಿಗೆವ್ವ ತನಗಾಗಿ ಅಂತ ಮೊದಲ ಸಲ ನೇಯ್ದುಕೊಂಡ ಸೀರೆ ಉಟ್ಟಿದ್ದಳು. ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗಂಟು. ಗ್ಯಾನಪ್ಪ ಮುಂದೆ ಓಡಿ ಹತ್ತಿ ಕಿಟಕಿ ಹಿಡಿದ. ಹುಲಿಗೆವ್ವ ಮೆಟ್ಟಿಲ ಮೇಲೆ ಕಾಲಿಟ್ಟಳು. ಬಾಗಿಲಲ್ಲಿ ಇಂದುಮತಿ ಟೀಚರು, ಕೈಯಲ್ಲಿ ಹೆಸರಿನ ಪಟ್ಟಿ.

"ಅವ್ವಾರ, ನೀವು ಹೋಗಿ ಬಂದೀರಂತಲ್ರಿ?"

"ಎಲ್ಲಿಗ್ರಿ?" ಅಂದಳು ಹುಲಿಗೆವ್ವ.

ಟೀಚರು ಫೋನು ತೆಗೆದು ಓದಿ ಹೇಳಿದರು. ಆಮೇಲೆ ಅವರ ಮುಖವೂ ಸಣ್ಣದಾಯಿತು. ಬಸ್ಸು ತುಂಬಿತ್ತು. ಹುಲಿಗೆವ್ವನ ಸೀಟಿನಲ್ಲಿ ಗದಗಿನ ಅಜ್ಜ ಒಬ್ಬರು ಆಗಲೇ ನಿದ್ದೆ ಹೋಗಿದ್ದರು.

ಹುಲಿಗೆವ್ವ ಇಳಿದು ಕಿಟಕಿಯ ಕೆಳಗೆ ಬಂದು ನಿಂತಳು. "ಏನ ಮಾಡಿದ್ಯೋ ಗ್ಯಾನ್ಯಾ?"

"ನೀನ ಅಂದೆಲ್ಲಬೇ, ಹೋಗಿ ಬಂದಂಗಾತು ಅಂತ," ಅಂದ ಗ್ಯಾನಪ್ಪ. ಅವನಿಗೆ ಅವ್ವನ ಮೇಲೆ ನಿಜವಾಗಿ ಕನಿಕರ. "ಎರಡೆರಡ ಸಲ ಯಾಕ ದಣೀತಿ? ಮನಿಗೆ ಹೋಗಿ ಮಲಕ್ಕೋ. ಆ ಬುತ್ತಿ ಇತ್ತ ಕೊಡು."

ಹುಲಿಗೆವ್ವ ಬುತ್ತಿಯನ್ನು ಎದೆಗೆ ಅವುಚಿಕೊಂಡಳು. "ಕೊಡಂಗಿಲ್ಲ. ಐಹೊಳಿ ಒಳಗ ತಿಂದ ಬಜಿ ಬರದೀಯಲ್ಲ? ಹಸಿವಾತಂದ್ರ ಅದನ್ನ ಓದಕೋ. ಉಂಡಂಗ ಆಕ್ಕೈತಿ."

"ಹೌದಲ್ಲ," ಅಂದ ಗ್ಯಾನಪ್ಪ. ಬಸ್ಸು ಹೊರಟಿತು. ಬಸ್‌ ಸ್ಟ್ಯಾಂಡಿನ ಕಲ್ಲಿನ ಮೇಲೆ ಹುಲಿಗೆವ್ವ ಹೊಸ ಸೀರೆಯಲ್ಲಿ ಕುಸಿದು ಕೂತಳು. ಪಕ್ಕದಲ್ಲಿ ನಾನೂ ಕೂತೆ. ಬಸ್ಸು ಸಮುದ್ರದ ಕಡೆಯ ರಸ್ತೆಗೆ ತಿರುಗುವಾಗ ಕಿಟಕಿಯಲ್ಲಿ ಗ್ಯಾನಪ್ಪ ಕಂಡ. ಫೋನನ್ನು ಮುಖದ ಹತ್ತಿರ ಹಿಡಿದು ಓದುತ್ತಿದ್ದ, ನಿಧಾನಕ್ಕೆ ಅಗಿಯುತ್ತಿದ್ದ.